ಷರತ್ತಿನ ವ್ಯಾಲಿಡೇಟರ್ ಎಡವಿದ್ದೆಲ್ಲಿ: ಒಂದು ಟೆರಾಫಾರ್ಮ್ ಪ್ರೊವೈಡರ್‌ನ ಪ್ರಕರಣ

ಟೆರಾಫಾರ್ಮ್ ಎಂದರೆ ಸರ್ವರ್, ನೆಟ್‌ವರ್ಕ್ ಮುಂತಾದವು ಹೇಗಿರಬೇಕೆಂದು ಕಾನ್ಫಿಗ್‌ನಲ್ಲಿ ಬರೆದರೆ ಅವನ್ನು ಕ್ಲೌಡ್‌ನಲ್ಲಿ ಕಟ್ಟಿಕೊಡುವ ಸಾಧನ. ಒಂದು ಕಂಪನಿಯ ಪ್ಲಾಟ್‌ಫಾರ್ಮ್ ತಂಡ ತನ್ನ ಒಳಗಿನ ಕ್ಲೌಡ್‌ಗೆ ತಾನೇ ಟೆರಾಫಾರ್ಮ್ ಪ್ರೊವೈಡರ್ ಬರೆದುಕೊಂಡಿತ್ತು. ಆ ಪ್ರೊವೈಡರ್‌ನ ಒಂದೇ ಒಂದು ನಿಯಮದ ಕತೆ ಇದು: ಲೋಡ್ ಬ್ಯಾಲೆನ್ಸರ್‌ನ (ಬರುವ ಕೋರಿಕೆಗಳನ್ನು ಸರ್ವರ್‌ಗಳಿಗೆ ಹಂಚುವ ಭಾಗ) ಲಿಸನರ್‌ನಲ್ಲಿ (ಕೋರಿಕೆಗಳನ್ನು ಸ್ವೀಕರಿಸುವ ಬಾಗಿಲು) ಪ್ರೋಟೋಕಾಲ್ ಎಚ್‌ಟಿಟಿಪಿಎಸ್ ಆಗಿದ್ದರೆ ಸರ್ಟಿಫಿಕೇಟ್ ಐಡಿ ಕೊಡಲೇಬೇಕು. ಓದಲಿಕ್ಕೆ ಒಂದು ಸಾಲು. ಕೋಡ್‌ನಲ್ಲಿ ಅದು ಸರಿಯಾಗಿ ನಿಲ್ಲಲು ಹಲವು ರಿಲೀಸ್ ಹಿಡಿಯಿತು. ಕಂಪನಿಯ ಹೆಸರು, ಜನರ ಹೆಸರು ಬಿಟ್ಟಿದ್ದೇನೆ. ರಿಸೋರ್ಸ್ (ಟೆರಾಫಾರ್ಮ್ ಕಟ್ಟುವ ಒಂದೊಂದು ವಸ್ತು), ಆಟ್ರಿಬ್ಯೂಟ್‌ಗಳ (ಅದರ ಒಂದೊಂದು ಗುಣ) ಹೆಸರನ್ನೂ ಬದಲಿಸಿದ್ದೇನೆ. ಆ ತಂಡದ ಕೋಡ್ ರಿವ್ಯೂಗಳಲ್ಲಿ ನಾನೂ ಇರುತ್ತಿದ್ದೆ, ಹಾಗಾಗಿ ಯಾವ ತೀರ್ಮಾನ ಯಾಕೆ ಆಯಿತು ಎಂದು ಹತ್ತಿರದಿಂದ ನೋಡಿದ್ದೇನೆ.

ಹಿನ್ನೆಲೆ

ಟೆರಾಫಾರ್ಮ್ ತಾನಾಗಿ ಯಾವ ಕ್ಲೌಡ್ ಜೊತೆಗೂ ಮಾತಾಡುವುದಿಲ್ಲ. ಆ ಕೆಲಸ ಪ್ರೊವೈಡರ್‌ನದು. ಪ್ರೊವೈಡರ್ ಎಂದರೆ ಸಾಮಾನ್ಯವಾಗಿ ಗೋ ಭಾಷೆಯಲ್ಲಿ ಬರೆದ ಬೇರೆಯೇ ಪ್ರೋಗ್ರಾಂ. ಟೆರಾಫಾರ್ಮ್ ಅದನ್ನು ಇನ್ನೊಂದು ಪ್ರೋಸೆಸ್ ಆಗಿ ಓಡಿಸಿ ಜಿಆರ್‌ಪಿಸಿ (ಪ್ರೋಗ್ರಾಂಗಳು ಪರಸ್ಪರ ಮಾತಾಡುವ ಒಂದು ವಿಧಾನ) ಮೂಲಕ ಕೇಳುತ್ತದೆ: ಈ ಕಾನ್ಫಿಗ್ ಸರಿ ಇದೆಯಾ? ಇದರಿಂದ ಏನೇನು ಬದಲಾಗುತ್ತದೆ? ಸರಿ, ಈಗ ಬದಲಿಸು. ಮೊದಲ ಪ್ರಶ್ನೆಗೆ ಉತ್ತರ ಕೊಡುವುದೇ ವ್ಯಾಲಿಡೇಟರ್.

ಈ ತಂಡದ ಪ್ರೊವೈಡರ್ ಮೊದಲು, ಪ್ರೊವೈಡರ್ ಬರೆಯಲು ಇರುವ ಹಳೆಯ ಲೈಬ್ರರಿಯಾದ ಪ್ಲಗಿನ್ ಎಸ್‌ಡಿಕೆಯ ಎರಡನೇ ಆವೃತ್ತಿಯ ಮೇಲೆ ನಿಂತಿತ್ತು. 2022ರ ಡಿಸೆಂಬರ್‌ನಲ್ಲಿ ಹೊಸ ಲೈಬ್ರರಿಯಾದ ಪ್ಲಗಿನ್ ಫ್ರೇಮ್‌ವರ್ಕ್‌ನ 1.0 ಆವೃತ್ತಿ ಬಂತು. ಅದಾದ ಮೇಲೆ ಒಂದೊಂದೇ ರಿಸೋರ್ಸನ್ನು ಹೊಸದಕ್ಕೆ ಸಾಗಿಸತೊಡಗಿದರು. ಲೋಡ್ ಬ್ಯಾಲೆನ್ಸರ್‌ನ ಸರದಿ ಬಂದಾಗ ಒಂದು ಹಳೆಯ ತಲೆನೋವನ್ನೂ ಇದರ ಜೊತೆಗೇ ಮುಗಿಸೋಣ ಎಂದು ಹೊರಟರು.

ತಲೆನೋವು ಇದು. ಬಳಕೆದಾರರೊಬ್ಬರು ಎಚ್‌ಟಿಟಿಪಿಎಸ್ ಲಿಸನರ್ ಬರೆದು ಸರ್ಟಿಫಿಕೇಟ್ ಐಡಿ ಮರೆಯುತ್ತಾರೆ. ಪ್ಲಾನ್ (ಏನೇನು ಬದಲಾಗುತ್ತದೆ ಎಂಬ ಮುನ್ನೋಟ) ಹಸಿರಾಗಿ ಬರುತ್ತದೆ. ಅಪ್ಲೈ (ನಿಜವಾಗಿ ಕಟ್ಟುವ ಹಂತ) ಶುರುವಾಗುತ್ತದೆ. ನೆಟ್‌ವರ್ಕ್ ಆಗುತ್ತದೆ, ಡಿಸ್ಕ್ ಆಗುತ್ತದೆ, ವರ್ಚುವಲ್ ಮಷೀನ್‌ಗಳು ಏಳುತ್ತವೆ. ಕೊನೆಗೆ ಲೋಡ್ ಬ್ಯಾಲೆನ್ಸರ್‌ನಲ್ಲಿ ಕ್ಲೌಡ್‌ನ ಎಪಿಐ 400 (ಕೋರಿಕೆ ತಪ್ಪು) ಎಂದು ಬಾಗಿಲು ಮುಚ್ಚುತ್ತದೆ. ಅರ್ಧ ಕಟ್ಟಿದ ವ್ಯವಸ್ಥೆ ಹಾಗೇ ಬಿದ್ದಿರುತ್ತದೆ. ತಪ್ಪು ಮೊದಲೇ, ಪ್ಲಾನ್‌ನಲ್ಲೇ ಗೊತ್ತಾಗಬೇಕು ಎನ್ನುವುದು ನ್ಯಾಯವಾದ ಬೇಡಿಕೆ.

ಇದ್ದ ಸಾಮಾನು ಯಾಕೆ ಸಾಲಲಿಲ್ಲ

ಫ್ರೇಮ್‌ವರ್ಕ್ ಜೊತೆಗೆ ಸಿದ್ಧ ವ್ಯಾಲಿಡೇಟರ್‌ಗಳ ಬೇರೆ ಗೋ ಮಾಡ್ಯೂಲ್ ಒಂದಿದೆ. ಅದರಲ್ಲಿ ಆಲ್ಸೋರಿಕ್ವೈರ್ಸ್ ಇದೆ, ಕಾನ್‌ಫ್ಲಿಕ್ಟ್ಸ್‌ವಿತ್ ಇದೆ, ಎಕ್ಸಾಕ್ಟ್ಲಿಒನ್‌ಆಫ್ ಇದೆ. ಇವೆಲ್ಲ ನೋಡುವುದು ಒಂದು ಆಟ್ರಿಬ್ಯೂಟ್ ಇದೆಯೋ ಇಲ್ಲವೋ ಎನ್ನುವುದನ್ನು. ‘ಇದನ್ನು ಕೊಟ್ಟರೆ ಅದನ್ನೂ ಕೊಡು’ ಎಂದು ಹೇಳಬಲ್ಲವು. ‘ಇದರ ಮೌಲ್ಯ ಇಂಥದ್ದಾದರೆ ಮಾತ್ರ ಅದನ್ನು ಕೊಡು’ ಎಂದು ಹೇಳಲಾರವು. ಅರ್ಜಿ ಫಾರಂನಲ್ಲಿ ‘ವಿವಾಹಿತರಾಗಿದ್ದಲ್ಲಿ ಸಂಗಾತಿಯ ಹೆಸರು’ ಎಂದು ಇರುತ್ತದಲ್ಲ, ಆ ಥರದ ನಿಯಮ ಇದು. ಅದನ್ನು ನಾವೇ ಬರೆಯಬೇಕು.

ಬರೆಯುವುದು ಕಷ್ಟವೇನಲ್ಲ. ಸ್ಟ್ರಿಂಗ್ ವ್ಯಾಲಿಡೇಟರ್ ಎಂದರೆ ಮೂರು ಮೆಥಡ್ ಇರುವ ಒಂದು ಇಂಟರ್‌ಫೇಸ್. ಎರಡು ವಿವರಣೆಗೆ, ಒಂದು ನಿಜವಾದ ತಪಾಸಣೆಗೆ. ತಪಾಸಣೆಯ ಮೆಥಡ್‌ಗೆ ಈ ಆಟ್ರಿಬ್ಯೂಟ್‌ನ ಮೌಲ್ಯ, ಅದು ಇರುವ ಪಾತ್, ಮತ್ತೆ ಇಡೀ ರಿಸೋರ್ಸ್‌ನ ಕಾನ್ಫಿಗ್ ಸಿಗುತ್ತದೆ. ಪಕ್ಕದ ಆಟ್ರಿಬ್ಯೂಟ್‌ನ ಮೌಲ್ಯವನ್ನು ಆ ಕಾನ್ಫಿಗ್‌ನಿಂದ ಎತ್ತಿಕೊಂಡು ಹೋಲಿಸಿದರೆ ಆಯಿತು.

ತಂಡದ ಮೊದಲ ಆವೃತ್ತಿಯಲ್ಲಿ ಎರಡು ನಿಯಮ ಇದ್ದವು. ಒಂದು, ಪ್ರೋಟೋಕಾಲ್ ಎಚ್‌ಟಿಟಿಪಿಎಸ್ ಆದರೆ ಸರ್ಟಿಫಿಕೇಟ್ ಐಡಿ ಕಡ್ಡಾಯ. ಎರಡು, ಎಚ್‌ಟಿಟಿಪಿಎಸ್ ಅಲ್ಲದಿದ್ದರೆ ಸರ್ಟಿಫಿಕೇಟ್ ಐಡಿ ಇರಲೇಬಾರದು. ಎರಡಕ್ಕೂ ಯುನಿಟ್ ಟೆಸ್ಟ್ ಇತ್ತು. ಸರಿ ಇರುವ ಕಾನ್ಫಿಗ್ ಒಂದು, ತಪ್ಪು ಇರುವ ಕಾನ್ಫಿಗ್ ಒಂದು. ಎಲ್ಲ ಪಾಸ್. ರಿವ್ಯೂನಲ್ಲೂ ಯಾರೂ ತಡೆಯಲಿಲ್ಲ. ರಿಲೀಸ್ ಆಯಿತು.

ಕೊಟ್ಟಿದ್ದರೂ ‘ಕೊಟ್ಟಿಲ್ಲ’

ಮೊದಲ ದೂರು ಬೇಗನೇ ಬಂತು. ‘ಸರ್ಟಿಫಿಕೇಟ್ ಐಡಿ ಕೊಟ್ಟಿದ್ದೇನೆ, ಆದರೂ ಕೊಟ್ಟಿಲ್ಲ ಅನ್ನುತ್ತಿದೆ’ ಎಂದು. ಅವರ ಕಾನ್ಫಿಗ್ ನೋಡಿದರೆ ನಿಜವಾಗಿಯೂ ಕೊಟ್ಟಿದ್ದರು. ಸರ್ಟಿಫಿಕೇಟನ್ನೂ ಅದೇ ಟೆರಾಫಾರ್ಮ್ ಕೋಡ್‌ನಲ್ಲಿ ಸೃಷ್ಟಿಸಿ, ಅದರ ಐಡಿಯನ್ನು ಇಲ್ಲಿ ಜೋಡಿಸಿದ್ದರು. ಟೆರಾಫಾರ್ಮ್‌ನಲ್ಲಿ ಇದಕ್ಕಿಂತ ಸಹಜವಾದ ಬರವಣಿಗೆ ಇನ್ನೊಂದಿಲ್ಲ.

ಇಲ್ಲೇ ಇಡೀ ಪ್ರಕರಣದ ಗಂಟು ಇದೆ, ಹಾಗಾಗಿ ಸ್ವಲ್ಪ ನಿಂತು ನೋಡೋಣ.

ಸಾಮಾನ್ಯ ಗೋ ಪ್ರೋಗ್ರಾಂನಲ್ಲಿ ಸ್ಟ್ರಿಂಗ್ ಎಂದರೆ ಸ್ಟ್ರಿಂಗ್. ಟೆರಾಫಾರ್ಮ್‌ನಲ್ಲಿ ಒಂದು ಸ್ಟ್ರಿಂಗ್‌ಗೆ ಮೂರು ಸ್ಥಿತಿ. ಬರೆದೇ ಇಲ್ಲ, ಅದು ನಲ್. ಬರೆದಿದ್ದಾರೆ ಮತ್ತು ಮೌಲ್ಯ ಗೊತ್ತಿದೆ. ಬರೆದಿದ್ದಾರೆ, ಆದರೆ ಮೌಲ್ಯ ಇನ್ನೂ ಗೊತ್ತಿಲ್ಲ, ಅದು ಅನ್‌ನೋನ್. ಇನ್ನೂ ಸೃಷ್ಟಿಯಾಗದ ಸರ್ಟಿಫಿಕೇಟ್‌ನ ಐಡಿ ಪ್ಲಾನ್ ಹೊತ್ತಿಗೆ ಅನ್‌ನೋನ್. ಅಪ್ಲೈ ನಡೆದಾಗಲೇ ಗೊತ್ತಾಗುವುದು.

ಫ್ರೇಮ್‌ವರ್ಕ್‌ನ ಸ್ಟ್ರಿಂಗ್ ಟೈಪ್ ಈ ಮೂರನ್ನೂ ಹಿಡಿದಿಡುತ್ತದೆ. ಈಸ್‌ನಲ್, ಈಸ್‌ಅನ್‌ನೋನ್ ಎಂದು ಕೇಳಬಹುದು. ಆದರೆ ಆ ಟೈಪ್‌ಗೆ ವ್ಯಾಲ್ಯೂಸ್ಟ್ರಿಂಗ್ ಎಂಬ ಮೆಥಡ್ ಕೂಡ ಇದೆ. ಅದು ನಲ್ ಆದರೂ ಖಾಲಿ ಸ್ಟ್ರಿಂಗ್ ಕೊಡುತ್ತದೆ, ಅನ್‌ನೋನ್ ಆದರೂ ಖಾಲಿ ಸ್ಟ್ರಿಂಗ್ ಕೊಡುತ್ತದೆ. ಎರಡಕ್ಕೂ ಇರುವ ವ್ಯತ್ಯಾಸ ಅಲ್ಲೇ ಅಳಿಸಿಹೋಗುತ್ತದೆ. ತಂಡದ ಕೋಡ್‌ನಲ್ಲಿ ಇದ್ದದ್ದು ಸುಮ್ನೆ ಇಷ್ಟು: ಸರ್ಟಿಫಿಕೇಟ್ ಐಡಿಯ ವ್ಯಾಲ್ಯೂಸ್ಟ್ರಿಂಗ್ ಖಾಲಿಯಾಗಿದ್ದರೆ ಎರರ್ ಕೊಡು. ಗೋ ಬರೆಯುವವರ ಕೈಗೆ ಅದೇ ರೂಢಿ. ಕಣ್ಣಿಗೆ ಪೂರ್ತಿ ಸರಿ ಕಾಣುತ್ತದೆ.

ಎರಡನೇ ದೂರು ಬೇರೆ ಕಡೆಯಿಂದ ಬಂತು, ಮೂಲ ಒಂದೇ. ಒಂದು ತಂಡ ಪ್ರೋಟೋಕಾಲನ್ನು ವೇರಿಯೇಬಲ್‌ನಿಂದ ತೆಗೆದುಕೊಂಡಿತ್ತು.  ಸಿಐನಲ್ಲಿ (ಕೋಡ್ ಬದಲಾದಾಗೆಲ್ಲ ತಾನಾಗಿ ಓಡುವ ತಪಾಸಣೆ) ಟೆರಾಫಾರ್ಮ್ ವ್ಯಾಲಿಡೇಟ್ ಕಮಾಂಡ್ ಪ್ರತಿ ಸಲ ಕೆಂಪು. ಕಾರಣ ಇಷ್ಟೇ: ವ್ಯಾಲಿಡೇಟ್ ಕಮಾಂಡ್ ಓಡುವಾಗ ಇನ್‌ಪುಟ್ ವೇರಿಯೇಬಲ್‌ಗಳೆಲ್ಲ ಅನ್‌ನೋನ್. ವೇರಿಯೇಬಲ್‌ಗೆ ಡಿಫಾಲ್ಟ್ ಬರೆದಿದ್ದರೂ ಅದನ್ನು ನೋಡುವುದಿಲ್ಲ. ಆಗ ಪ್ರೋಟೋಕಾಲ್‌ನ ವ್ಯಾಲ್ಯೂಸ್ಟ್ರಿಂಗ್ ಖಾಲಿ. ಖಾಲಿ ಎಂದರೆ ಎಚ್‌ಟಿಟಿಪಿಎಸ್ ಅಲ್ಲ. ಎಚ್‌ಟಿಟಿಪಿಎಸ್ ಅಲ್ಲದಿದ್ದರೆ ಸರ್ಟಿಫಿಕೇಟ್ ಇರಬಾರದು. ಎರಡನೇ ನಿಯಮ ಎರರ್ ಕೊಟ್ಟಿತು.

ಇದರಲ್ಲಿ ಇನ್ನೊಂದು ಸೂಕ್ಷ್ಮ ಇದೆ. ಅನ್‌ನೋನ್ ಪ್ರೋಟೋಕಾಲ್‌ಗೆ ಮೊದಲ ನಿಯಮ ಎರರ್ ಕೊಡಲಿಲ್ಲ, ಯಾಕೆಂದರೆ ಖಾಲಿ ಸ್ಟ್ರಿಂಗ್ ಎಚ್‌ಟಿಟಿಪಿಎಸ್‌ಗೆ ಸಮ ಅಲ್ಲ. ಅದು ಸರಿಯಾದ ಉತ್ತರವೇ, ಆದರೆ ಅದೃಷ್ಟದಿಂದ ಬಂದದ್ದು. ‘ಸಮ ಆದರೆ’ ಎಂಬ ಷರತ್ತು ಅನ್‌ನೋನ್ ಬಂದಾಗ ತನ್ನಷ್ಟಕ್ಕೆ ಸುಮ್ಮನಾಗುತ್ತದೆ. ‘ಸಮ ಅಲ್ಲದಿದ್ದರೆ’ ಎಂಬ ಷರತ್ತು ಅನ್‌ನೋನ್ ಬಂದಾಗ ಕೂಗುತ್ತದೆ. ನಕಾರದ ಷರತ್ತು ಇರುವ ವ್ಯಾಲಿಡೇಟರ್ ರಿವ್ಯೂಗೆ ಬಂದರೆ ನಾನು ಈಗ ಮೊದಲು ಅಲ್ಲಿಗೇ ಹೋಗಿ ನೋಡುತ್ತೇನೆ.

ತಿದ್ದಿದ್ದು ಹೇಗೆ

ತಂಡದಲ್ಲಿ ಎರಡು ಅಭಿಪ್ರಾಯ ಇದ್ದವು. ಅನ್‌ನೋನ್ ಇದ್ದಾಗ ವಾರ್ನಿಂಗ್ ಕೊಡೋಣ ಎಂದರು ಒಬ್ಬರು. ಇನ್ನೊಬ್ಬರು ಪೂರ್ತಿ ಮೌನ ಇರಬೇಕು ಎಂದರು. ಮೌನದ ಪಕ್ಷವೇ ಗೆದ್ದಿತು, ನನಗೂ ಅದೇ ಸರಿ ಎನಿಸಿತು. ಅನ್‌ನೋನ್ ಎನ್ನುವುದು ಟೆರಾಫಾರ್ಮ್‌ನಲ್ಲಿ ದಿನನಿತ್ಯದ ಸಂಗತಿ. ಅದಕ್ಕೆಲ್ಲ ವಾರ್ನಿಂಗ್ ಕೊಟ್ಟರೆ ಜನ ವಾರ್ನಿಂಗ್ ಓದುವುದನ್ನೇ ಬಿಡುತ್ತಾರೆ.

ಈ ವಾದ ಮುಗಿಸಿದ್ದು ಎರಡು ಸಂಗತಿ. ಸಿದ್ಧ ಮಾಡ್ಯೂಲ್‌ನ ಆಲ್ಸೋರಿಕ್ವೈರ್ಸ್ ಕೋಡ್ ತೆರೆದು ನೋಡಿದರು. ಅಲ್ಲಿ ಪಕ್ಕದ ಆಟ್ರಿಬ್ಯೂಟ್ ಅನ್‌ನೋನ್ ಆಗಿದ್ದರೆ ಏನೂ ಹೇಳದೆ ಹಿಂದಿರುಗುತ್ತದೆ. ಸಂಬಂಧಪಟ್ಟ ಮೌಲ್ಯಗಳೆಲ್ಲ ಗೊತ್ತಾಗುವವರೆಗೆ ತಪಾಸಣೆ ಮುಂದೂಡುತ್ತದೆ. ಎರಡನೆಯದು, ಹಾಗೆ ಮುಂದೂಡಿದ ತಪಾಸಣೆ ಕಳೆದುಹೋಗುವುದಿಲ್ಲ. ಅಪ್ಲೈ ಹೊತ್ತಿಗೆ ಆ ರಿಸೋರ್ಸ್‌ನ ಸರದಿ ಬಂದಾಗ ಟೆರಾಫಾರ್ಮ್ ಹೊಸದಾಗಿ ಗೊತ್ತಾದ ಮೌಲ್ಯಗಳನ್ನು ಇಟ್ಟುಕೊಂಡು ಇನ್ನೊಮ್ಮೆ ಲೆಕ್ಕ ಹಾಕುತ್ತದೆ. ಆಗ ಅದೇ ವ್ಯಾಲಿಡೇಟರ್ ಮತ್ತೆ ಓಡುತ್ತದೆ. ತಡವಾಗಿ ಹಿಡಿದಂತಾಯಿತು ನಿಜ, ಆದರೆ ಎಪಿಐಗೆ ಹೋಗುವ ಮೊದಲೇ ಹಿಡಿಯಿತು.

ಹೊಸ ಕೋಡ್‌ನ ಕ್ರಮ ಹೀಗಾಯಿತು. ಪ್ರೋಟೋಕಾಲ್ ಅನ್‌ನೋನ್ ಆದರೆ ಹಿಂದಿರುಗು. ಸರ್ಟಿಫಿಕೇಟ್ ಐಡಿ ಅನ್‌ನೋನ್ ಆದರೆ ಹಿಂದಿರುಗು. ಅದಾದ ಮೇಲಷ್ಟೇ ಮೌಲ್ಯ ಕೇಳು. ‘ಕೊಟ್ಟಿಲ್ಲ’ ಎನ್ನಲು ಈಸ್‌ನಲ್ ಒಂದೇ ಆಧಾರ, ಖಾಲಿ ಸ್ಟ್ರಿಂಗ್ ಅಲ್ಲ. ಯಾರಾದರೂ ನಿಜವಾಗಿ ಖಾಲಿ ಸ್ಟ್ರಿಂಗ್ ಬರೆದರೆ? ಅದು ಬೇರೆ ತಪ್ಪು, ಅದಕ್ಕೆ ಕನಿಷ್ಠ ಉದ್ದದ ಸಿದ್ಧ ವ್ಯಾಲಿಡೇಟರ್ ಇದೆ. ಎರಡನ್ನೂ ಒಂದೇ ಷರತ್ತಿನಲ್ಲಿ ತುರುಕಬಾರದು.

ಡಿಫಾಲ್ಟ್ ಕಾಣದ ಕಣ್ಣು

ಮೂರನೆಯದು ಉಲ್ಟಾ ದೂರು. ಎರರ್ ಬರಬೇಕಾದ ಕಡೆ ಬರಲಿಲ್ಲ. ಪ್ರೋಟೋಕಾಲ್‌ಗೆ ಸ್ಕೀಮಾದಲ್ಲೇ (ರಿಸೋರ್ಸ್‌ನ ಆಟ್ರಿಬ್ಯೂಟ್‌ಗಳನ್ನು ವಿವರಿಸುವ ಪಟ್ಟಿ) ಡಿಫಾಲ್ಟ್ ಇತ್ತು, ಎಚ್‌ಟಿಟಿಪಿಎಸ್ ಎಂದು. ಬಳಕೆದಾರರು ಪ್ರೋಟೋಕಾಲ್ ಬರೆದಿರಲಿಲ್ಲ, ಸರ್ಟಿಫಿಕೇಟನ್ನೂ ಬರೆದಿರಲಿಲ್ಲ. ವ್ಯಾಲಿಡೇಟರ್ ಸುಮ್ಮನೆ ಬಿಟ್ಟಿತು. ಅಪ್ಲೈನಲ್ಲಿ ಮತ್ತೆ ಅದೇ 400.

ವ್ಯಾಲಿಡೇಟರ್‌ಗೆ ಕಾಣುವುದು ಕಾನ್ಫಿಗ್ ಮಾತ್ರ, ಅಂದರೆ ಬಳಕೆದಾರರು ಬರೆದದ್ದು. ಡಿಫಾಲ್ಟ್ ತುಂಬುವುದು ಪ್ಲಾನ್ ಲೆಕ್ಕ ಹಾಕುವಾಗ, ಅದರ ನಂತರ. ಹಾಗಾಗಿ ವ್ಯಾಲಿಡೇಟರ್ ಕಣ್ಣಿಗೆ ಪ್ರೋಟೋಕಾಲ್ ನಲ್ ಅಷ್ಟೇ. ಡಿಫಾಲ್ಟ್ ಇರುವ ಆಟ್ರಿಬ್ಯೂಟ್ ಮೇಲೆ ಷರತ್ತು ಕಟ್ಟುವ ಪ್ರತಿಯೊಬ್ಬರಿಗೂ ಇದು ಎದುರಾಗುತ್ತದೆ.

ಮೂರು ದಾರಿ ಮುಂದಿದ್ದವು. ಡಿಫಾಲ್ಟ್ ತೆಗೆದು ಪ್ರೋಟೋಕಾಲನ್ನೇ ಕಡ್ಡಾಯ ಮಾಡುವುದು ಎಲ್ಲಕ್ಕಿಂತ ಸ್ವಚ್ಛ. ಆದರೆ ಈಗಾಗಲೇ ಪ್ರೋಟೋಕಾಲ್ ಬರೆಯದೆ ಬಿಟ್ಟವರ ಕೋಡ್ ಎಲ್ಲ ಮುರಿಯುತ್ತದೆ. ತಪಾಸಣೆಯನ್ನು ಮಾಡಿಫೈಪ್ಲಾನ್‌ಗೆ (ಪ್ಲಾನ್ ಲೆಕ್ಕ ಹಾಕುವಾಗ ಓಡುವ ಮೆಥಡ್) ಸಾಗಿಸಿದರೆ ಡಿಫಾಲ್ಟ್ ತುಂಬಿದ ಮೌಲ್ಯ ಸಿಗುತ್ತದೆ. ಅದಕ್ಕೂ ಬೆಲೆ ಇದೆ. ವ್ಯಾಲಿಡೇಟ್ ಕಮಾಂಡ್‌ನಲ್ಲಿ ಅದು ಓಡುವುದಿಲ್ಲ. ಜೊತೆಗೆ ರಿಸೋರ್ಸ್ ಅಳಿಸುವಾಗಲೂ ಮಾಡಿಫೈಪ್ಲಾನ್ ಕರೆ ಬರುತ್ತದೆ, ಆಗ ಪ್ಲಾನ್ ಪೂರ್ತಿ ನಲ್ ಆಗಿರುತ್ತದೆ. ಅದನ್ನು ಮೊದಲೇ ನೋಡಿ ಹಿಂದಿರುಗದಿದ್ದರೆ ಬಳಕೆದಾರರಿಗೆ ಡಿಸ್ಟ್ರಾಯ್ ಕೂಡ ಮಾಡಲಾಗದ ಪರಿಸ್ಥಿತಿ ಬರಬಹುದು.

ಆರಿಸಿಕೊಂಡದ್ದು ಮೂರನೇ ದಾರಿ. ವ್ಯಾಲಿಡೇಟರ್ ಕಟ್ಟುವಾಗಲೇ ‘ಪ್ರೋಟೋಕಾಲ್ ನಲ್ ಆದರೆ ಅದನ್ನು ಇಂಥ ಮೌಲ್ಯ ಎಂದು ಹಿಡಿ’ ಎಂದು ಹೇಳಿಕೊಡುವುದು. ಒಂದೇ ಭಯ ಇತ್ತು. ಡಿಫಾಲ್ಟ್ ಎರಡು ಕಡೆ ಬರೆದರೆ ಒಂದಲ್ಲ ಒಂದು ದಿನ ಒಂದು ಬದಲಾಗಿ ಇನ್ನೊಂದು ಹಳೆಯದೇ ಉಳಿಯುತ್ತದೆ. ಅದಕ್ಕೆ ಒಂದೇ ಕಾನ್‌ಸ್ಟಂಟ್ ಇಟ್ಟು ಸ್ಕೀಮಾದ ಡಿಫಾಲ್ಟ್‌ಗೂ ವ್ಯಾಲಿಡೇಟರ್‌ಗೂ ಅದನ್ನೇ ಕೊಟ್ಟರು. ಷರತ್ತಿನ ಎಕ್ಸ್‌ಪ್ರೆಶನ್‌ನಿಂದ ನಲ್ ಬಂದರೂ ಡಿಫಾಲ್ಟೇ ಅನ್ವಯವಾಗುವುದರಿಂದ ಆ ಸಂದರ್ಭವೂ ಇದರಲ್ಲೇ ಮುಗಿಯಿತು.

ಪಕ್ಕದ ಮನೆಯ ಪ್ರೋಟೋಕಾಲ್

ನಾಲ್ಕನೇ ದೋಷ ಟೆಸ್ಟ್ ಬರೆಯುವಾಗ ಸಿಕ್ಕಿದ್ದು, ದೂರು ಬರುವ ಮೊದಲೇ. ಲಿಸನರ್ ಎನ್ನುವುದು ಬ್ಲಾಕ್‌ಗಳ ಪಟ್ಟಿ. ಒಂದು ಲೋಡ್ ಬ್ಯಾಲೆನ್ಸರ್‌ಗೆ ಎಷ್ಟು ಬೇಕಾದರೂ ಲಿಸನರ್ ಇರಬಹುದು. ವ್ಯಾಲಿಡೇಟರ್ ಪ್ರೋಟೋಕಾಲನ್ನು ಹುಡುಕುತ್ತಿದ್ದದ್ದು ಮ್ಯಾಚ್‌ರೂಟ್‌ನಿಂದ ಶುರುವಾಗುವ ಪಾತ್ ಎಕ್ಸ್‌ಪ್ರೆಶನ್‌ನಲ್ಲಿ: ಬೇರಿನಿಂದ ಹೊರಟು, ಲಿಸನರ್ ಪಟ್ಟಿಯ ಯಾವುದೇ ಇಂಡೆಕ್ಸ್, ಅದರ ಪ್ರೋಟೋಕಾಲ್. ‘ಯಾವುದೇ ಇಂಡೆಕ್ಸ್’ ಎಂದರೆ ಎಲ್ಲ ಇಂಡೆಕ್ಸ್. ಮೊದಲ ಲಿಸನರ್ ಎಚ್‌ಟಿಟಿಪಿಎಸ್, ಎರಡನೆಯದು ಟಿಸಿಪಿ ಎಂದಿಟ್ಟುಕೊಳ್ಳಿ. ಟಿಸಿಪಿ ಲಿಸನರ್‌ನ ತಪಾಸಣೆಯಲ್ಲಿ ಮೊದಲ ಲಿಸನರ್‌ನ ಎಚ್‌ಟಿಟಿಪಿಎಸ್ ಕೂಡ ಸಿಕ್ಕಿ, ಟಿಸಿಪಿಗೂ ಸರ್ಟಿಫಿಕೇಟ್ ಕೇಳುತ್ತಿತ್ತು. ಅಷ್ಟೂ ಟೆಸ್ಟ್‌ಗಳಲ್ಲಿ ಒಂದೊಂದೇ ಲಿಸನರ್ ಇದ್ದದ್ದರಿಂದ ಕಂಡಿರಲಿಲ್ಲ.

ತಿದ್ದುವುದು ಸುಲಭ. ಮ್ಯಾಚ್‌ರಿಲೇಟಿವ್ ಬಳಸಿ, ನಾನಿರುವ ಜಾಗದಿಂದ ಒಂದು ಮೆಟ್ಟಿಲು ಮೇಲೆ ಹೋಗಿ, ಅಲ್ಲಿಂದ ಪ್ರೋಟೋಕಾಲ್ ಎಂದು ಹೇಳಬೇಕು. ಆಗ ಅದೇ ಬ್ಲಾಕ್‌ನ ಪ್ರೋಟೋಕಾಲ್ ಮಾತ್ರ ಸಿಗುತ್ತದೆ. ಹಳೆಯ ಎಸ್‌ಡಿಕೆಯಲ್ಲಿ ಈ ಸೌಲಭ್ಯ ಇರಲಿಲ್ಲ. ಕಾನ್‌ಫ್ಲಿಕ್ಟ್ಸ್‌ವಿತ್ ಥರದವಕ್ಕೆ ಇಂಡೆಕ್ಸ್ ಸೇರಿಸಿದ ಪೂರ್ತಿ ವಿಳಾಸ ಕೊಡಬೇಕಿತ್ತು, ಹಾಗಾಗಿ ಒಂದಕ್ಕಿಂತ ಜಾಸ್ತಿ ಬ್ಲಾಕ್ ಇದ್ದ ಕಡೆ ಅವು ಉಪಯೋಗಕ್ಕೆ ಬರುತ್ತಿರಲಿಲ್ಲ. ಸಾಗಿಸುವ ಶ್ರಮ ಇಲ್ಲಿ ಸಾರ್ಥಕವಾಯಿತು.

ಇದೇ ಹೊತ್ತಿಗೆ ಇನ್ನೊಂದು ಪ್ರಶ್ನೆ ಎದ್ದಿತು. ಇದನ್ನೆಲ್ಲ ರಿಸೋರ್ಸ್ ಮಟ್ಟದ ವ್ಯಾಲಿಡೇಟ್‌ಕಾನ್ಫಿಗ್‌ನಲ್ಲಿ ಒಂದೇ ಲೂಪ್‌ನಲ್ಲಿ ಬರೆಯಬಹುದಲ್ಲ? ಒಬ್ಬರು ಬರೆದೂ ತಂದರು. ಕೋಡ್ ಚಿಕ್ಕದು, ಓದಲು ಚೆಂದ. ಆದರೆ ಅದರ ಮಾಡೆಲ್‌ನಲ್ಲಿ ಲಿಸನರ್‌ಗಳನ್ನು ಗೋ ಸ್ಲೈಸ್ (ಗೋದ ಸಾಮಾನ್ಯ ಪಟ್ಟಿ) ಆಗಿ ಇಟ್ಟಿದ್ದರು. ಡೈನಾಮಿಕ್ ಬ್ಲಾಕ್ (ಒಂದು ಪಟ್ಟಿಯಿಂದ ಬ್ಲಾಕ್‌ಗಳನ್ನು ತಯಾರಿಸುವ ಬರವಣಿಗೆ) ಬಳಸಿ, ಅದರ ಫಾರ್‌ಈಚ್ (ಆ ಮೂಲ ಪಟ್ಟಿ) ಅನ್‌ನೋನ್ ಆಗಿದ್ದರೆ ಇಡೀ ಪಟ್ಟಿಯೇ ಅನ್‌ನೋನ್. ಗೋ ಸ್ಲೈಸ್‌ಗೆ ಅನ್‌ನೋನ್ ಎಂಬ ಸ್ಥಿತಿ ಗೊತ್ತಿಲ್ಲ, ಹಾಗಾಗಿ ಕಾನ್ಫಿಗ್ ಓದುವ ಹಂತದಲ್ಲೇ ಕನ್ವರ್ಶನ್ ಎರರ್. ಫ್ರೇಮ್‌ವರ್ಕ್‌ನ ಲಿಸ್ಟ್ ಟೈಪ್ ಬಳಸಿದರೆ ಇದು ಸರಿಹೋಗುತ್ತದೆ, ಆದರೆ ಆಗ ಕೋಡ್ ಚಿಕ್ಕದಾಗಿ ಉಳಿಯುವುದಿಲ್ಲ. ಆಟ್ರಿಬ್ಯೂಟ್ ಮೇಲೇ ಇರುವ ವ್ಯಾಲಿಡೇಟರ್‌ಗೆ ಈ ಕಾಟ ಇಲ್ಲ. ಪಟ್ಟಿ ಅನ್‌ನೋನ್ ಆದರೆ ಫ್ರೇಮ್‌ವರ್ಕ್ ಒಳಗಿನ ಆಟ್ರಿಬ್ಯೂಟ್‌ಗಳಿಗೆ ಇಳಿಯುವುದೇ ಇಲ್ಲ. ಹಾಗಾಗಿ ಅಲ್ಲೇ ಉಳಿಸಿಕೊಂಡರು.

ಟೆಸ್ಟ್‌ನ ಕೋಷ್ಟಕ

ಈ ಪ್ರಕರಣದಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದ ಭಾಗ ಇದು. ಒಬ್ಬ ಇಂಜಿನಿಯರ್ ಕೋಡ್ ಮುಟ್ಟುವ ಮೊದಲು ಒಂದು ಕೋಷ್ಟಕ ಬರೆದು ತಂದರು. ಅಡ್ಡಕ್ಕೆ ಪ್ರೋಟೋಕಾಲ್: ನಲ್, ಅನ್‌ನೋನ್, ಎಚ್‌ಟಿಟಿಪಿಎಸ್, ಬೇರೆ ಯಾವುದೋ ಒಂದು. ಉದ್ದಕ್ಕೆ ಸರ್ಟಿಫಿಕೇಟ್ ಐಡಿ: ನಲ್, ಅನ್‌ನೋನ್, ಗೊತ್ತಿರುವ ಮೌಲ್ಯ. ನಾಲ್ಕು ಮೂರಲ ಹನ್ನೆರಡು ಮನೆ. ಪ್ರತಿ ಮನೆಯಲ್ಲೂ ಎರರ್ ಬರಬೇಕೋ ಬೇಡವೋ ಎಂದು ಎಲ್ಲರೂ ಕೂತು ತುಂಬಿದರು.

ಕಡ್ಡಾಯದ ನಿಯಮಕ್ಕೆ ಹನ್ನೆರಡರಲ್ಲಿ ಎರಡೇ ಮನೆಯಲ್ಲಿ ಎರರ್ ಬಂತು: ಪ್ರೋಟೋಕಾಲ್ ಎಚ್‌ಟಿಟಿಪಿಎಸ್ ಆಗಿ ಸರ್ಟಿಫಿಕೇಟ್ ನಲ್, ಮತ್ತೆ ಪ್ರೋಟೋಕಾಲ್ ನಲ್ ಆಗಿ ಸರ್ಟಿಫಿಕೇಟೂ ನಲ್. ನಿಷೇಧದ ನಿಯಮಕ್ಕೆ ಒಂದೇ ಮನೆ: ಪ್ರೋಟೋಕಾಲ್ ಬೇರೆ ಯಾವುದೋ ಎಂದು ಗೊತ್ತಿದ್ದು, ಸರ್ಟಿಫಿಕೇಟ್ ಐಡಿಯೂ ಗೊತ್ತಿರುವುದು. ಉಳಿದದ್ದೆಲ್ಲ ಮೌನ. ಸರ್ಟಿಫಿಕೇಟ್ ಅನ್‌ನೋನ್ ಆದರೆ ನಿಷೇಧದ ನಿಯಮ ಯಾಕೆ ಸುಮ್ಮನಿರಬೇಕು ಎಂಬುದರ ಮೇಲೆ ಚರ್ಚೆಯಾಯಿತು. ಅನ್‌ನೋನ್ ಮೌಲ್ಯ ಕೊನೆಗೆ ನಲ್ ಆಗಿಯೂ ಬರಬಹುದು, ಅಲ್ವಾ? ಬಂದರೆ ತಪ್ಪೇ ಇಲ್ಲ. ಹಾಗಾಗಿ ಕಾಯಬೇಕು.

ಹಳೆಯ ಟೆಸ್ಟ್‌ಗಳನ್ನು ಈ ಕೋಷ್ಟಕದ ಮೇಲೆ ಇಟ್ಟು ನೋಡಿದರೆ, ಅನ್‌ನೋನ್ ಇರುವ ಒಂದು ಮನೆಗೂ ಟೆಸ್ಟ್ ಇರಲಿಲ್ಲ. ಗೋದಲ್ಲಿ ಟೇಬಲ್ ಟೆಸ್ಟ್ ಬರೆಯುವುದು ರೂಢಿಯೇ ಆದ್ದರಿಂದ ಕೋಷ್ಟಕ ನೇರವಾಗಿ ಕೋಡ್ ಆಯಿತು. ಸ್ಕೀಮಾ ಕೊಟ್ಟು, ಕಚ್ಚಾ ಮೌಲ್ಯ ಕೊಟ್ಟು ಕಾನ್ಫಿಗ್ ಕಟ್ಟಬೇಕು. ನಲ್‌ಗೆ ಗೋದ ನಿಲ್, ಅನ್‌ನೋನ್‌ಗೆ ಅದಕ್ಕೆಂದೇ ಇರುವ ಅನ್‌ನೋನ್‌ವ್ಯಾಲ್ಯೂ. ವ್ಯಾಲಿಡೇಟರನ್ನು ನೇರವಾಗಿ ಕರೆದು ಬಂದ ಡಯಾಗ್ನಾಸ್ಟಿಕ್ಸ್ ನೋಡಬೇಕು. ಇದಕ್ಕೆ ಟೆರಾಫಾರ್ಮ್ ಬೇಡ, ನೆಟ್‌ವರ್ಕ್ ಬೇಡ, ಕಣ್ಣು ಮಿಟುಕಿಸುವಷ್ಟರಲ್ಲಿ ಓಡುತ್ತದೆ. ಎರಡು ಲಿಸನರ್ ಇರುವ ಕಾನ್ಫಿಗ್ ಬೇಕು ಎಂಬುದನ್ನೂ ಇದರಲ್ಲೇ ಸೇರಿಸಿದರು. ಮ್ಯಾಚ್‌ರೂಟ್ ದೋಷ ಸಿಕ್ಕಿಬಿದ್ದದ್ದು ಅಲ್ಲೇ.

ಯುನಿಟ್ ಟೆಸ್ಟ್ ಒಂದನ್ನೇ ನಂಬುವ ಹಾಗಿಲ್ಲ. ವ್ಯಾಲಿಡೇಟರ್ ಸರಿಯಾಗಿದ್ದು ಅದನ್ನು ಸ್ಕೀಮಾಗೆ ಜೋಡಿಸಲು ಮರೆತರೆ ಯುನಿಟ್ ಟೆಸ್ಟ್‌ಗೆ ಗೊತ್ತಾಗುವುದಿಲ್ಲ. ಅದಕ್ಕೆ ಪ್ಲಗಿನ್ ಟೆಸ್ಟಿಂಗ್ ಮಾಡ್ಯೂಲ್ ಬಳಸಿ, ನಿಜವಾದ ಟೆರಾಫಾರ್ಮ್ ಬೈನರಿಯ ಮೂಲಕ ಕೆಲವೇ ಕೆಲವು ಟೆಸ್ಟ್ ಸೇರಿಸಿದರು. ಅನ್‌ನೋನ್ ಮೌಲ್ಯ ಬೇಕಾದ ಕಡೆ ಟೆರಾಫಾರ್ಮ್ 1.4ರಿಂದ ಒಳಗೇ ಬರುವ ‘ಟೆರಾಫಾರ್ಮ್ ಡೇಟಾ’ ರಿಸೋರ್ಸ್ ಉಪಯೋಗಕ್ಕೆ ಬಂತು. ಅದಕ್ಕೆ ಒಂದು ಇನ್‌ಪುಟ್ ಕೊಟ್ಟರೆ, ಇನ್ನೂ ಸೃಷ್ಟಿಯಾಗದ ತನಕ ಅದರ ಔಟ್‌ಪುಟ್ ಪ್ಲಾನ್‌ನಲ್ಲಿ ಅನ್‌ನೋನ್. ಅದನ್ನು ಸರ್ಟಿಫಿಕೇಟ್ ಐಡಿಗೆ ಜೋಡಿಸಿ, ಪ್ಲಾನ್ ಮಾತ್ರ ಓಡಿಸುವ ಸ್ಟೆಪ್ ಬರೆದು, ಪ್ಲಾನ್ ಖಾಲಿ ಇರುವುದಿಲ್ಲ ಎಂದು ಮೊದಲೇ ಹೇಳಿಟ್ಟರೆ ಸಾಕು. ಮೊದಲ ದೂರು ಕೊಟ್ಟವರ ಪರಿಸ್ಥಿತಿಯೇ ಅಲ್ಲಿ ಮತ್ತೆ ಹುಟ್ಟುತ್ತದೆ, ಒಂದು ಸರ್ಟಿಫಿಕೇಟನ್ನೂ ಸೃಷ್ಟಿಸದೆ. ಎರಡನೇ ದೂರಿಗೆ, ಉದಾಹರಣೆ ಫೋಲ್ಡರ್‌ನ ಪ್ರತಿ ಕಾನ್ಫಿಗ್ ಮೇಲೂ ವ್ಯಾಲಿಡೇಟ್ ಕಮಾಂಡ್ ಓಡಿಸುವ ಸಿಐ ಹಂತ ಇಟ್ಟರು.

ಒಂದು ಚಿಕ್ಕ ವಿಷಯ, ಆದರೆ ಬಹಳ ಜನರ ಸಮಯ ತಿನ್ನುತ್ತದೆ. ಎಕ್ಸ್‌ಪೆಕ್ಟ್‌ಎರರ್‌ಗೆ (ಟೆಸ್ಟ್‌ನಲ್ಲಿ ಇಂಥ ಎರರ್ ಬರಬೇಕು ಎಂದು ಹೇಳುವ ಜಾಗ) ಕೊಡುವ ರೆಜೆಕ್ಸ್‌ನಲ್ಲಿ (ಹುಡುಕುವ ಪಠ್ಯದ ಮಾದರಿ) ಎರರ್‌ನ ಪೂರ್ತಿ ವಾಕ್ಯ ಬರೆದರೆ ಟೆಸ್ಟ್ ಬೀಳಬಹುದು. ಟೆರಾಫಾರ್ಮ್ ಉದ್ದದ ಎರರ್ ಪಠ್ಯವನ್ನು ನಡುವೆ ಮುರಿದು ಮುಂದಿನ ಸಾಲಿಗೆ ಹಾಕುತ್ತದೆ. ಪದಗಳ ನಡುವೆ ಸ್ಪೇಸ್ ಬದಲು ‘ಯಾವುದೇ ಬಿಳಿಜಾಗ’ ಎನ್ನುವ ಗುರುತು ಹಾಕಬೇಕು, ಇಲ್ಲವೇ ಚಿಕ್ಕ ಶೀರ್ಷಿಕೆಯನ್ನಷ್ಟೇ ಹುಡುಕಬೇಕು. ರಿಸೋರ್ಸ್‌ನ ಹೆಸರು ಎರಡಕ್ಷರ ಉದ್ದವಾದದ್ದಕ್ಕೆ ಟೆಸ್ಟ್ ಬಿದ್ದರೆ ಯಾರಿಗೆ ತಾನೇ ಹೊಳೆಯುತ್ತದೆ?

ಎರರ್ ಎಷ್ಟು, ವಾರ್ನಿಂಗ್ ಎಷ್ಟು

ಕೋಡ್ ಸರಿಯಾದ ಮೇಲೆ ಬಂದ ಪ್ರಶ್ನೆಯೇ ನಿಜವಾಗಿ ದೊಡ್ಡದು. ನಿಷೇಧದ ನಿಯಮ ಎರರ್ ಆಗಿರಬೇಕೇ? ವಿಚಾರಿಸಿದಾಗ ಗೊತ್ತಾಯಿತು, ಟಿಸಿಪಿ ಲಿಸನರ್‌ಗೆ ಸರ್ಟಿಫಿಕೇಟ್ ಕೊಟ್ಟರೆ ಎಪಿಐ ಬೈಯುವುದಿಲ್ಲ. ಅದನ್ನು ಕಡೆಗಣಿಸಿ ಮುಂದೆ ಹೋಗುತ್ತದೆ. ಅಂಥ ಕಾನ್ಫಿಗ್ ಬಳಕೆದಾರರ ಹತ್ತಿರ ಇತ್ತು, ಕೆಲಸವನ್ನೂ ಮಾಡುತ್ತಿತ್ತು. ಪ್ರೊವೈಡರ್‌ನ ಸಣ್ಣ ಅಪ್‌ಗ್ರೇಡ್ ಮಾಡಿದ್ದಕ್ಕೆ ಅವರ ಕೆಲಸ ನಿಲ್ಲುವುದು ಸರಿಯಲ್ಲ.

ತಂಡ ಗೆರೆ ಎಳೆದದ್ದು ಹೀಗೆ. ಎಪಿಐ ಹೇಗಿದ್ದರೂ ಬೇಡ ಎನ್ನುವುದನ್ನು ಮಾತ್ರ ಎರರ್ ಮಾಡುವುದು, ಯಾಕೆಂದರೆ ಅಲ್ಲಿ ನಾವು ಯಾರ ಕೆಲಸವನ್ನೂ ಕೆಡಿಸುತ್ತಿಲ್ಲ, ಬೇಗ ಹೇಳುತ್ತಿದ್ದೇವೆ ಅಷ್ಟೇ. ಎಪಿಐ ಒಪ್ಪಿಕೊಳ್ಳುವ, ಆದರೆ ಅರ್ಥವಿಲ್ಲದ ಕಾನ್ಫಿಗ್‌ಗೆ ವಾರ್ನಿಂಗ್. ಅದನ್ನು ಎರರ್ ಮಾಡಲೇಬೇಕೆಂದರೆ ಮುಂದಿನ ಮೇಜರ್ ಆವೃತ್ತಿಯವರೆಗೆ ಕಾಯಬೇಕು. ನಿಷೇಧದ ನಿಯಮ ಅದೇ ರಿಲೀಸ್‌ನಲ್ಲಿ ವಾರ್ನಿಂಗ್ ಆಯಿತು.

ಎರರ್‌ನ ಮಾತನ್ನೂ ತಿದ್ದಿದರು. ಮೊದಲು ‘ತಪ್ಪು ಸಂಯೋಜನೆ’ ಎಂದಷ್ಟೇ ಇತ್ತು. ಈಗ ಯಾವ ಆಟ್ರಿಬ್ಯೂಟ್, ಯಾವುದರ ಯಾವ ಮೌಲ್ಯದಿಂದಾಗಿ ಬೇಕಾಗಿದೆ ಎಂದು ಹೇಳುತ್ತದೆ. ಪ್ರೋಟೋಕಾಲ್ ಡಿಫಾಲ್ಟ್‌ನಿಂದ ಬಂದಿದ್ದರೆ ‘ನೀವು ಬರೆಯದಿದ್ದುದರಿಂದ ಎಚ್‌ಟಿಟಿಪಿಎಸ್ ಎಂದು ಹಿಡಿಯಲಾಗಿದೆ’ ಎಂದೂ ಸೇರಿಸುತ್ತದೆ. ಬರೆಯದೇ ಇರುವ ಪದ ಎರರ್‌ನಲ್ಲಿ ಕಂಡರೆ ಯಾರಿಗಾದರೂ ಗೊಂದಲ ಆಗುತ್ತದೆ. ಸರ್ಟಿಫಿಕೇಟ್ ಐಡಿಯ ಮೌಲ್ಯವನ್ನು ಮಾತ್ರ ಎರರ್‌ನಲ್ಲಿ ಮುದ್ರಿಸುವುದಿಲ್ಲ. ಇದೇ ವ್ಯಾಲಿಡೇಟರನ್ನು ನಾಳೆ ಪಾಸ್‌ವರ್ಡ್ ಆಟ್ರಿಬ್ಯೂಟ್‌ಗೂ ಜೋಡಿಸಬಹುದು, ಪ್ರೊವೈಡರ್ ಬರೆದ ಎರರ್ ಪಠ್ಯದಿಂದ ಗುಟ್ಟಿನ ಮೌಲ್ಯವನ್ನು ಟೆರಾಫಾರ್ಮ್ ತಾನಾಗಿ ಮರೆಮಾಡುವುದಿಲ್ಲ. ಇನ್ನು ಡಾಕ್ಯುಮೆಂಟೇಶನ್: ಟೆರಾಫಾರ್ಮ್ ಹೊರಗೆ ಕೊಡುವ ಸ್ಕೀಮಾದಲ್ಲಿ ವ್ಯಾಲಿಡೇಟರ್‌ಗಳು ಇರುವುದಿಲ್ಲ. ಹಾಗಾಗಿ ತಾನಾಗಿ ತಯಾರಾಗುವ ಡಾಕ್ಯುಮೆಂಟ್‌ನಲ್ಲಿ ಈ ನಿಯಮ ಕಾಣುವುದಿಲ್ಲ. ಆಟ್ರಿಬ್ಯೂಟ್‌ನ ವಿವರಣೆಯಲ್ಲಿ ಕೈಯಾರೆ ಬರೆಯಬೇಕಾಯಿತು.

ನಿಯಮವೇ ಬದಲಾದಾಗ

ಇಷ್ಟೆಲ್ಲ ಆಗಿ ಒಂದಷ್ಟು ಕಾಲ ಶಾಂತಿ ಇತ್ತು. ಆಮೇಲೆ ಎಪಿಐ ತಂಡ ಹೊಸ ಸೌಲಭ್ಯ ತಂದಿತು. ಅಕೌಂಟ್ ಮಟ್ಟದಲ್ಲಿ ಒಂದು ಡಿಫಾಲ್ಟ್ ಸರ್ಟಿಫಿಕೇಟ್ ಇಟ್ಟರೆ, ಎಚ್‌ಟಿಟಿಪಿಎಸ್ ಲಿಸನರ್‌ಗೆ ಪ್ರತ್ಯೇಕ ಸರ್ಟಿಫಿಕೇಟ್ ಬೇಡ. ಒಳ್ಳೆಯ ಸೌಲಭ್ಯ. ಆದರೆ ಅಲ್ಲಿಯವರೆಗೆ ಸರಿಯಾಗಿದ್ದ ಕಡ್ಡಾಯದ ನಿಯಮ ಅವತ್ತಿನಿಂದ ತಪ್ಪಾಯಿತು. ಕೋಡ್‌ನಲ್ಲಿ ಒಂದಕ್ಷರ ಬದಲಾಗಿರಲಿಲ್ಲ. ಹನ್ನೆರಡು ಮನೆಯ ಟೆಸ್ಟ್‌ಗಳೂ ಪಾಸ್ ಆಗುತ್ತಲೇ ಇದ್ದವು. ಎಪಿಐ ಒಪ್ಪುವ ಕಾನ್ಫಿಗನ್ನು ಪ್ರೊವೈಡರ್ ತಡೆಯುತ್ತಿತ್ತು. ಹಳೆಯ ಪ್ರೊವೈಡರ್ ಆವೃತ್ತಿಗೆ ಪಿನ್ ಮಾಡಿಕೊಂಡವರು ಅಪ್‌ಗ್ರೇಡ್ ಮಾಡದೆ ಆ ಸೌಲಭ್ಯ ಬಳಸುವ ಹಾಗೇ ಇರಲಿಲ್ಲ.

ಆ ನಿಯಮವನ್ನೂ ವಾರ್ನಿಂಗ್‌ಗೆ ಇಳಿಸಿ ಹೊಸ ರಿಲೀಸ್ ಮಾಡಿದರು. ಪ್ರೊವೈಡರ್‌ನಲ್ಲಿದ್ದ ಉಳಿದ ವ್ಯಾಲಿಡೇಟರ್‌ಗಳನ್ನೂ ಒಂದೊಂದಾಗಿ ತೆಗೆದು ನೋಡಿದರು. ಸಿಐಡಿಆರ್ (ನೆಟ್‌ವರ್ಕ್ ವಿಳಾಸಗಳ ವ್ಯಾಪ್ತಿ) ಬರೆಯುವ ರೀತಿ, ಪೋರ್ಟ್ ಸಂಖ್ಯೆ 65535 ಮೀರಬಾರದು ಎನ್ನುವಂಥವು ಬದಲಾಗುವುದಿಲ್ಲ, ಅವು ಎರರ್ ಆಗಿಯೇ ಉಳಿದವು. ಸರ್ವರ್‌ನವರು ನಾಳೆ ಸಡಿಲ ಮಾಡಬಹುದಾದ ನೀತಿಗಳು, ಉದಾಹರಣೆಗೆ ಯಾವ ಗಾತ್ರದ ಮಷೀನ್‌ಗೆ ಯಾವ ಡಿಸ್ಕ್, ವಾರ್ನಿಂಗ್ ಆದವು ಅಥವಾ ಹೊರಟುಹೋದವು. ಎರರ್ ಆಗಿ ಉಳಿದ ಪ್ರತಿ ಷರತ್ತಿಗೂ ಈಗ ಒಂದು ರಾತ್ರಿ ಟೆಸ್ಟ್ ಇದೆ. ವ್ಯಾಲಿಡೇಟರ್ ತಡೆಯುವ ಕಾನ್ಫಿಗನ್ನೇ ಪ್ರೊವೈಡರ್ ದಾಟಿಸಿ ನೇರವಾಗಿ ಟೆಸ್ಟ್ ಅಕೌಂಟ್‌ನ ಎಪಿಐಗೆ ಕಳಿಸುತ್ತದೆ. ಎಪಿಐ ಅದನ್ನು ತಿರಸ್ಕರಿಸಿದರೆ ಟೆಸ್ಟ್ ಪಾಸ್. ಒಪ್ಪಿಕೊಂಡರೆ ಫೇಲ್, ಬೆಳಿಗ್ಗೆ ಬಂದವರು ಮೊದಲು ಆ ವ್ಯಾಲಿಡೇಟರನ್ನು ತೆಗೆಯುವ ಪ್ಯಾಚ್ ಬರೆಯುತ್ತಾರೆ.